ಕುರ್ಚಿ ತಂದುಕೊಟ್ಟ ಗಣಿತದ ಮೇಷ್ಟ್ರು

ನಾನು ಅವರಿಗೆ ಹೇಳಿದ ಮೊದಲ ಮಾತು, "ಎಕ್ಸ್‌ಕ್ಯೂಸ್ ಮಿ, ಇನ್ನೊಂದು ನಾಲ್ಕು ಕುರ್ಚಿ ಬೇಕಾಗಿತ್ತು." ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಅವರ ಬಗ್ಗೆ ಬರೆಯಲು ಕೂತು ಇದೊಂದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಯಾರೂ ನಂಬಬೇಕಾಗಿಲ್ಲ.

2013ರ ಸೆಪ್ಟೆಂಬರ್ ತಿಂಗಳು. ನನ್ನ ಮಗ ಸುಹಾಸ ಆಗಷ್ಟೇ ಆರನೇ ತರಗತಿಗೆ ಸೇರಿದ್ದ. ಅಮೆರಿಕದ ಸಿಯಾಟಲ್ ಬಳಿ ನಮ್ಮ ಕನ್ನಡದವರೆಲ್ಲ ಬೆಲ್ವ್ಯೂ, ಓವರ್‌ಲೇಕ್ ಎಂದು ಒಂದೇ ಕಡೆ ಗುಂಪಾಗಿ ಮನೆ ಮಾಡಿದ್ದರೆ ನಾವು ಅಲ್ಲಿಂದ ದಕ್ಷಿಣಕ್ಕೆ, ಎಲ್ಲ ಬಗೆಯ ಜನ ಇದ್ದ ಒಂದು ಊರಿನಲ್ಲಿದ್ದೆವು. ಅಲ್ಲಿನ ಶಾಲೆಯಲ್ಲಿ ಅಂದು ಅಪ್ಪ ಅಮ್ಮಂದಿರು ಶಿಕ್ಷಕರನ್ನು ಕಾಣುವ ಸಂಜೆ. ನನ್ನ ಗಂಡ ಶ್ರೀಧರ್ ಫ್ಯಾಕ್ಟೋರಿಯಾ ಬಡಾವಣೆಯ ಆಫೀಸಿನಿಂದ ಸೀದಾ ಬಂದಿದ್ದರು. ಕತ್ತಿನಲ್ಲಿ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು. ಗಣಿತದ ಕೊಠಡಿಯಲ್ಲಿ ಕೂತವರಿಗಿಂತ ನಿಂತವರೇ ಹೆಚ್ಚು. ಬಾಗಿಲ ಬಳಿ ಆರೂವರೆ ಅಡಿ ಎತ್ತರದ, ಕಪ್ಪು ಮೈಬಣ್ಣದ, ನುಣ್ಣನೆ ತಲೆಯ ಒಬ್ಬರು ಗೋಡೆಗೆ ಒರಗಿ ನಿಂತಿದ್ದರು. ಕೋಟು ಇತ್ತು, ಟೈ ಇತ್ತು. ಅವೆರಡೂ ನನ್ನ ಕಣ್ಣಿಗೆ ಬಿದ್ದವು, ಬುದ್ಧಿಗೆ ಬೀಳಲಿಲ್ಲ.

"ಖಂಡಿತ" ಎಂದು ಅವರು ಹೊರಗೆ ಹೋಗಿ ಒಂದೊಂದು ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದು ಬಂದರು. ಬಿಚ್ಚಿ ಹಾಕಿಕೊಟ್ಟರು. ಶ್ರೀಧರ್ "ಥ್ಯಾಂಕ್ಯೂ, ಬಡೀ" ಎಂದು ಭುಜ ತಟ್ಟಲು ಹೋದರು. ಭುಜ ಎಟುಕದೆ ಏಟು ಮೊಣಕೈಗೆ ಬಿತ್ತು. ಐದು ನಿಮಿಷ ಕಳೆಯಿತು. ನಾನು ಗಡಿಯಾರ ನೋಡಿಕೊಂಡು ಅವರನ್ನೇ ಕೇಳಿದೆ:

"ಟೀಚರ್ ಇನ್ನೂ ಬಂದಿಲ್ವಾ?"

"ಬಂದಾಯ್ತು. ಕುರ್ಚಿ ಹಾಕ್ತಾ ಇದ್ರು, ಅದಕ್ಕೇ ಸ್ವಲ್ಪ ಲೇಟು" ಎಂದವರು ಬೋರ್ಡಿನ ಮುಂದೆ ಹೋಗಿ ನಿಂತು, "ಗುಡ್ ಈವನಿಂಗ್, ನಾನು ನಿಮ್ಮ ಮಕ್ಕಳಿಗೆ ಗಣಿತ ಹೇಳಿಕೊಡೋನು" ಎಂದರು.

ಅವರು ಆಡುತ್ತಿದ್ದದ್ದು ಇಂಗ್ಲಿಷ್. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ನಾವು ಅವರನ್ನು ಮೇಷ್ಟ್ರು ಎಂದು ಕರೆಯಲು ಶುರು ಮಾಡಿದ ಮೇಲೆ ಅವರಿಗೂ ಬೇರೆ ದಾರಿ ಇರಲಿಲ್ಲ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಹೆಸರು ಹಾಕಿದರೆ ಅವರು ಬೈಯುತ್ತಾರೆ.

ಮರುದಿನ ಕ್ಷಮೆ ಕೇಳಲು ಹೋದೆ. ಮೇಷ್ಟ್ರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

"ವರ್ಷಕ್ಕೆ ಏಳೆಂಟು ಜನ ಸಿಗ್ತಾರೆ. ಕೆಲವರು ಬಾಸ್ಕೆಟ್‌ಬಾಲ್ ಕೋಚ್ ಅಂದ್ಕೋತಾರೆ. ಕೆಲವರು ಸೆಕ್ಯೂರಿಟಿ ಅಂತಾರೆ. ಒಬ್ರು ಕಾರ್ ಕೀ ಕೈಗೆ ಕೊಟ್ಟು ಪಾರ್ಕ್ ಮಾಡಿ ಅಂದಿದ್ರು."

"ನೀವೇನ್ ಮಾಡಿದ್ರಿ?"

"ಒಳ್ಳೇ ಕಾರು. ಒಂದು ರೌಂಡ್ ಹೊಡೆದು ಬಂದು ಪಾರ್ಕ್ ಮಾಡ್ದೆ."

ಬಾಸ್ಕೆಟ್‌ಬಾಲ್ ಅವರು ಜೀವಮಾನದಲ್ಲಿ ಆಡಿರಲಿಲ್ಲ. ಮುಖದ ಕಡೆಗೆ ಚೆಂಡು ಬಂದರೆ ಆ ದೊಡ್ಡ ದೇಹ ಕೆಳಗೆ ಕೂತುಬಿಡುತ್ತಿತ್ತು. ಇದನ್ನು ನಾನೇ ಮೈದಾನದಲ್ಲಿ ನೋಡಿದ್ದೇನೆ.

ನೀವೇನು ಮಾಡುತ್ತೀರಿ ಎಂದು ಅವರು ಕೇಳಿದರು. ಏನೂ ಇಲ್ಲ ಎಂದೆ. ಗಂಡನ ವೀಸಾ ಹಿಡಿದುಕೊಂಡು ಬಂದವಳು ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ ಮೂರು ವರ್ಷ ಪಿಯುಸಿಗೆ ಪಾಠ ಹೇಳಿದ್ದೆ ಎಂಬುದು ಬಾಯಿ ತಪ್ಪಿ ಬಂತು. ಮೇಷ್ಟ್ರು ಸ್ಯಾಂಡ್‌ವಿಚ್ ಕೆಳಗಿಟ್ಟರು.

"ಮತ್ತೆ ಏನೂ ಇಲ್ಲ ಅಂದ್ರಲ್ಲ, ಪ್ರೊಫೆಸರ್?"

"ಪ್ರೊಫೆಸರ್ ಅಲ್ಲ ಸರ್, ಬರೀ ಲೆಕ್ಚರರ್."

"ನಾನು ಬಾಸ್ಕೆಟ್‌ಬಾಲ್ ಕೋಚ್ ಆಗಬಹುದಾದ್ರೆ ನೀವು ಪ್ರೊಫೆಸರ್ ಆಗೋದಕ್ಕೆ ಏನು ಅಡ್ಡಿ?"

ಅಂದಿನಿಂದ ಶಾಲೆಯ ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರ ಬಾಯಲ್ಲೂ ನಾನು ಪ್ರೊಫೆಸರ್ ಆದೆ. ವಾರಕ್ಕೆ ಮೂರು ದಿನ ವಾಲಂಟಿಯರ್ ಆಗಿ ಅವರ ತರಗತಿಯಲ್ಲಿ ಕೂರತೊಡಗಿದೆ. ಜೆರಾಕ್ಸ್ ತೆಗೆಯುವುದು, ಉತ್ತರಪತ್ರಿಕೆ ತಿದ್ದುವುದು, ಅಳುವ ಮಕ್ಕಳಿಗೆ ಟಿಶ್ಯೂ ಕೊಡುವುದು. ಅಮೆರಿಕಕ್ಕೆ ಬಂದು ಆರು ವರ್ಷಗಳಾಗಿದ್ದವು. ಆ ಆರು ವರ್ಷಗಳಲ್ಲಿ ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಳ್ಳಲು ನನಗೊಂದು ಕಾರಣ ಸಿಕ್ಕಿದ್ದು ಅದೇ ಮೊದಲು.

ಮೇಷ್ಟ್ರು ಪಾಠ ಮಾಡುವಾಗ ಕನ್ನಡಕವನ್ನು ಕಣ್ಣಿಗಿಂತ ಕೈಯಲ್ಲೇ ಹೆಚ್ಚು ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ತಪ್ಪು ಉತ್ತರ ಹೇಳಿದರೆ ಅದನ್ನು ತೆಗೆದು, ಟೈ ತುದಿಯಿಂದ ಒರೆಸಿ, "ಭೇಷ್! ಇದು ಬಹಳ ಒಳ್ಳೇ ತಪ್ಪು. ಇದಕ್ಕಿಂತ ಒಳ್ಳೇ ತಪ್ಪು ಯಾರ ಹತ್ರ ಇದೆ?" ಎನ್ನುತ್ತಿದ್ದರು. ಮಕ್ಕಳು ಪೈಪೋಟಿಗೆ ಬಿದ್ದು ತಪ್ಪು ಹೇಳುತ್ತಿದ್ದರು. ಹಾಗೆ ಹೇಳುತ್ತ ಹೇಳುತ್ತ ಯಾರೋ ಒಬ್ಬರು ಎಡವಿ ಸರಿ ಉತ್ತರದ ಮೇಲೆ ಬೀಳುತ್ತಿದ್ದರು. ಮೈಸೂರಿನಲ್ಲಿ ನಾನು ತಪ್ಪು ಹೇಳಿದವರನ್ನು ನಿಲ್ಲಿಸುತ್ತಿದ್ದೆ. ಅದನ್ನು ಅವರಿಗೆ ಹೇಳಿದಾಗ, "ನಿಂತ್ಕೊಂಡ್ರೆ ಲೆಕ್ಕ ಬರುತ್ತಾ? ಹಾಗಿದ್ರೆ ಈ ಕುರ್ಚಿಗಳನ್ನೆಲ್ಲ ಮಾರಿಬಿಡೋಣ" ಎಂದರು.

ಒಮ್ಮೆ ಡಬ್ಬಿಯಲ್ಲಿ ಪುಳಿಯೋಗರೆ ಕೊಟ್ಟೆ. ನಾಲ್ಕು ತುತ್ತಿಗೆ ನೆತ್ತಿಯ ಮೇಲೆ ಬೆವರಿನ ಹನಿ ಸಾಲುಗಟ್ಟಿತು. ನಿಲ್ಲಿಸಲಿಲ್ಲ. "ಇದು ಅನ್ನ ಅಲ್ಲ ಪ್ರೊಫೆಸರ್, ಜಗಳ. ಆದ್ರೆ ಒಳ್ಳೇ ಜಗಳ" ಎಂದು ಡಬ್ಬಿಯ ತಳ ಕೆರೆದರು.

ಅವರು ತಮ್ಮ ಬಾಲ್ಯದ ಬಗ್ಗೆ ಹೇಳಿದ್ದು ಒಂದೇ ಸಲ, ಅದೂ ನಗುತ್ತ. ಸಿಯಾಟಲ್ ನಗರದ ಮಧ್ಯದ ಕಪ್ಪು ಜನರ ಕೇರಿಯಲ್ಲಿ ಬೆಳೆದವರು. ಕಪ್ಪು ಬಿಳಿ ಮಕ್ಕಳು ಬೆರೆಯಲಿ ಎಂದು ಅವರನ್ನು ದಿನಾ ಬಸ್ಸಿನಲ್ಲಿ ಊರಿನ ಉತ್ತರದ ತುದಿಯ ಬಿಳಿಯರ ಶಾಲೆಗೆ ಕಳಿಸುತ್ತಿದ್ದರಂತೆ. ಎಂಟನೇ ತರಗತಿಯಲ್ಲಿ ಆಲ್ಜಿಬ್ರಾ ಕೇಳಿದಾಗ ಅಲ್ಲಿನ ಸಲಹೆಗಾರ ಅಂಕಪಟ್ಟಿ ನೋಡಲಿಲ್ಲ, ಇವರ ಅಂಗೈ ನೋಡಿದ. "ಒಳ್ಳೇ ಕೈಗಳಪ್ಪಾ" ಎಂದು ಮರಗೆಲಸದ ತರಗತಿಗೆ ಹಾಕಿದ.

"ಕೈಗಳ ಮೇಲುಗಡೆ ಒಂದು ತಲೇನೂ ಇತ್ತು. ಅವನಿಗೆ ಕಾಣಿಸ್ಲಿಲ್ಲ, ಪಾಪ, ನಾನು ಅಷ್ಟು ಎತ್ತರ" ಎಂದರು ಮೇಷ್ಟ್ರು. ಮರಗೆಲಸದ ಕೋಣೆಯಲ್ಲೇ ಕೋನ, ಭಿನ್ನರಾಶಿ ಎಲ್ಲ ಕಲಿತು, ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಈ ಶಾಲೆಗೆ ಬಂದಿದ್ದರು. ಇಪ್ಪತ್ತು ವರ್ಷಗಳಿಂದ ಇಡೀ ಶಾಲೆಗೆ ಅವರೊಬ್ಬರೇ ಕಪ್ಪು ಮೇಷ್ಟ್ರು. ಸ್ನಾತಕೋತ್ತರ ಪದವಿ ಇದ್ದರೂ ಮೇಲಿನ ಹಂತದ ಗಣಿತದ ತರಗತಿ ಅವರಿಗೆ ಸಿಕ್ಕಿರಲಿಲ್ಲ. ಕೇಳುವುದನ್ನೂ ಬಿಟ್ಟಿದ್ದರು.

ಸುಹಾಸನ ತರಗತಿಯಲ್ಲಿ ಜೂಲಿಯನ್ ಎಂಬ ಕಪ್ಪು ಹುಡುಗನಿದ್ದ. ಅವನ ತಾಯಿ ಡನೀಸ್ ನಗರದ ಬಸ್ ಓಡಿಸುತ್ತಿದ್ದಳು. ಹುಡುಗನ ಉತ್ತರಪತ್ರಿಕೆ ತಿದ್ದುವಾಗ ನಾನು ಎರಡೆರಡು ಸಲ ನೋಡಬೇಕಾಗುತ್ತಿತ್ತು. ನಾನು ಹತ್ತು ಸಾಲಿನಲ್ಲಿ ಮಾಡುವುದನ್ನು ಅವನು ಮೂರು ಸಾಲಿನಲ್ಲಿ ಮುಗಿಸಿ, ಉಳಿದ ಜಾಗದಲ್ಲಿ ಡೈನೋಸಾರ್ ಬರೆದಿರುತ್ತಿದ್ದ. ಅವನಿಗೂ ಸುಹಾಸನಿಗೂ ಭಾರೀ ಗೆಳೆತನ. ಸುಹಾಸ ಆಗ ಭಾನುವಾರ ಮೃದಂಗ ಕಲಿಯುತ್ತಿದ್ದ. ಕಲಿತದ್ದನ್ನು ಸೋಮವಾರ ಜೂಲಿಯನ್‌ಗೆ ಹೇಳಿಕೊಡುತ್ತಿದ್ದ. ಇಬ್ಬರೂ ವಿಜ್ಞಾನದ ಪಿರಿಯಡ್‌ನಲ್ಲಿ ಪೆನ್ಸಿಲ್‌ನಿಂದ ಮೇಜಿನ ಮೇಲೆ ಆದಿತಾಳ ಹಾಕುತ್ತಿದ್ದರು.

ಮಾರ್ಚ್‌ನಲ್ಲಿ ಒಂದು ದಿನ ಮೇಷ್ಟ್ರು ಎರಡು ಕಾಗದಗಳ ಪ್ರತಿಗಳನ್ನು ನನ್ನ ಮುಂದಿಟ್ಟರು. ಎರಡೂ ವಿಜ್ಞಾನದ ಶಿಕ್ಷಕಿ ಬರೆದವು, ಒಂದೇ ವಾರದವು. ಸುಹಾಸನದರಲ್ಲಿ, "ಸಂಗೀತದಲ್ಲಿ ಸಹಜ ಆಸಕ್ತಿ. ತರಗತಿಯಲ್ಲಿ ತಾಳ ಹಾಕುತ್ತಿರುತ್ತಾನೆ, ಪ್ರೋತ್ಸಾಹಿಸಿ" ಎಂದಿತ್ತು. ಜೂಲಿಯನ್‌ನದರಲ್ಲಿ, "ಪೆನ್ಸಿಲ್ ಬಡಿದು ತರಗತಿಗೆ ಅಡ್ಡಿ. ಎಚ್ಚರಿಸಿದರೂ ಅಗೌರವ. ಆಫೀಸಿಗೆ ಕಳಿಸಲಾಗಿದೆ."

"ಪ್ರೊಫೆಸರ್, ನೀವು ಮನೇಲಿ ದಿನಾ ಮೃದಂಗ ಕೇಳೋರು. ತಾಳದಲ್ಲಿ ಏನಾದ್ರೂ ವ್ಯತ್ಯಾಸ ಇತ್ತಾ?"

ಸುಹಾಸನ ಕಾಗದವನ್ನು ನಾವು ಫ್ರಿಜ್ಜಿನ ಮೇಲೆ ಅಂಟಿಸಿದ್ದೆವು. ಊರಿಗೆ ಫೋಟೋ ಕಳಿಸಿದ್ದೆವು.

"ಒಂದೇ ತಾಳ ಸರ್. ಲಯ ಜೂಲಿಯನ್‌ದೇ ಇನ್ನೂ ಚೆನ್ನಾಗಿದೆ."

ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ ವಿಷಯ ಹೇಳಿದರು. ಏಳನೇ ತರಗತಿಯಲ್ಲಿ ಅಡ್ವಾನ್ಸ್ಡ್ ಗಣಿತದ ಒಂದೇ ವಿಭಾಗ. ಅದಕ್ಕೆ ಆಯ್ಕೆಯ ಪರೀಕ್ಷೆ ಹಿಂದಿನ ಮಂಗಳವಾರ ಆಗಿಹೋಗಿತ್ತು. ಆ ಮಂಗಳವಾರ ಇಡೀ ಬೆಳಿಗ್ಗೆ ಜೂಲಿಯನ್ ಪೆನ್ಸಿಲ್ ಬಡಿದ ತಪ್ಪಿಗೆ ಆಫೀಸಿನ ಪಕ್ಕದ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಪರೀಕ್ಷೆಯನ್ನೇ ಬರೆದಿರಲಿಲ್ಲ. ಆಯ್ಕೆಯಾದವರ ಪಟ್ಟಿಯಲ್ಲಿ ಅವನಿರಲಿ, ಒಬ್ಬನೇ ಒಬ್ಬ ಕಪ್ಪು ಹುಡುಗನೂ ಇರಲಿಲ್ಲ. ಆಫೀಸಿನವರು, "ತಂದೆತಾಯಿ ಅಪೀಲ್ ಮಾಡಿದ್ರೆ ನೋಡೋಣ. ಯಾರೂ ಮಾಡಿಲ್ವಲ್ಲ" ಎಂದಿದ್ದರು. ಕೊನೆಯ ದಿನ ಬರುವ ವಾರದ ಶುಕ್ರವಾರ.

"ಅಪೀಲ್ ಅಂತ ಒಂದು ಇದೆ ಅನ್ನೋದೇ ಡನೀಸ್‌ಗೆ ಗೊತ್ತಿಲ್ಲ. ನಿಮ್ಮವರಿಗೆಲ್ಲ ಹ್ಯಾಗೆ ಗೊತ್ತು?"

"ವಾಟ್ಸಾಪ್ ಗುಂಪು ಇದೆ ಸರ್."

"ಅದರಲ್ಲಿ ಏನಿರುತ್ತೆ?"

ಹೇಳಲು ನಾಚಿಕೆಯಾಯಿತು. ಆ ಗುಂಪಿನಲ್ಲಿ ಪತ್ರದ ನಮೂನೆ ಇತ್ತು. ಯಾವ ಅಧಿಕಾರಿಗೆ ಬರೆಯಬೇಕು, ಎಷ್ಟು ದಿನ ಬಿಟ್ಟು ನೆನಪಿಸಬೇಕು, ಮಗುವಿಗೆ ತೊಂಬತ್ತೆಂಟು ಬಂದರೆ ಹೇಗೆ ದುಃಖಪಡಬೇಕು, ಎಲ್ಲವೂ ಇತ್ತು. ಮೇಷ್ಟ್ರು ಬಾಯಿ ತೆರೆದು ಕೇಳಿಸಿಕೊಂಡರು.

"ಇದು ಶಾಸ್ತ್ರ! ಬುಧವಾರ ಲೈಬ್ರರಿಗೆ ಬನ್ನಿ. ನಮ್ಮ ತಾಯಂದಿರಿಗೆ ಪಾಠ ಮಾಡಿ."

ಬುಧವಾರ ಸಂಜೆ ಐದು ಗಂಟೆಗೆ ಆರು ಜನ ತಾಯಂದಿರು, ಇಬ್ಬರು ಅಪ್ಪಂದಿರು, ಟೋಪಿ ಹಾಕಿಕೊಂಡ ಒಬ್ಬರು ಅಜ್ಜಿ ಬಂದರು. ಡನೀಸ್ ಡ್ಯೂಟಿಯ ಸಮವಸ್ತ್ರದಲ್ಲೇ ಬಂದಿದ್ದಳು. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಆರು ವರ್ಷಗಳ ಮೇಲೆ ಬೋರ್ಡಿನ ಮುಂದೆ ನಿಂತೆ, ಅದೂ ಅಪೀಲ್ ಪತ್ರದ ಪಾಠಕ್ಕೆ.

"ಮೊದಲ ಸಾಲಲ್ಲಿ ಥ್ಯಾಂಕ್ಸ್ ಹೇಳಿ" ಎಂದೆ.

"ಯಾತಕ್ಕೆ? ನನ್ನ ಮಗನ್ನ ಗೋಡೆ ಮುಂದೆ ಕೂರಿಸಿದ್ದಕ್ಕಾ?" ಡನೀಸ್ ಕೇಳಿದಳು.

"ಅವರ ಸಮಯಕ್ಕೆ. ಸಿಟ್ಟು ಎಲ್ಲೂ ಕಾಣಬಾರದು. ತಾರೀಕು ಹಾಕಿ ಏನಾಯ್ತು ಅಷ್ಟೇ ಬರೀರಿ. ಕೊನೇಲಿ, ದಯವಿಟ್ಟು ಲಿಖಿತವಾಗಿ ಉತ್ತರಿಸಿ ಅಂತ ಹಾಕಿ. ಆಮೇಲೆ ಶಾಲೆಗಳ ಮೇಲಿನ ಜಿಲ್ಲಾ ಆಫೀಸಿಗೂ ಒಂದು ಪ್ರತಿ ಹೋಗೋ ಹಾಗೆ ಸಿಸಿ ಮಾಡಿ."

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. "ಮಗಾ, ಅರವತ್ತು ವರ್ಷದಿಂದ ನಾನು ಈ ಶಾಲೆಗಳ ಬಾಗಿಲಿಗೆ ಬಂದು ಗಂಟಲು ಹರ್ಕೊಂಡಿದೀನಿ. ಸಿಸಿ ಅನ್ನೋ ಎರಡಕ್ಷರ ಸಾಕಾಗಿತ್ತಾ?"

ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಎಷ್ಟು ನಕ್ಕರೆಂದರೆ ಅವರ ತಟ್ಟೆಯ ಚಿತ್ರಾನ್ನ ಟೈ ಮೇಲೆ ಚೆಲ್ಲಿತು. ಎಲ್ಲರೂ ಅಲ್ಲೇ ಕೂತು ಪತ್ರ ಬರೆದು ಒಂದು ಸಲ ತಿದ್ದಿಕೊಡಿ ಎಂದು ನನಗೆ ಕೊಟ್ಟರು.

ಮನೆಗೆ ಬಂದರೆ ಶ್ರೀಧರ್ ಬಾಗಿಲಲ್ಲೇ ನಿಂತಿದ್ದರು. ಆಗಲೇ ಇಬ್ಬರು ಗೆಳೆಯರು ಫೋನ್ ಮಾಡಿದ್ದರಂತೆ.

"ಲೆಟರ್ ಫಾರ್ಮ್ಯಾಟ್ ಹೊರಗೆ ಕೊಟ್ಟುಬಿಟ್ಟೆಯಂತೆ?"

"ಅದೇನು ಬಂಗಾರದ ಸರವೇನ್ರೀ, ಲಾಕರ್‌ನಲ್ಲಿ ಇಡೋಕೆ?"

"ಅದಲ್ಲ ಕಣೇ. ನಮ್ಮ ಸುಹಾಸ ವೇಟಿಂಗ್ ಲಿಸ್ಟ್‌ನಲ್ಲಿ ಫಸ್ಟ್ ಇದಾನೆ. ಇರೋದು ಒಂದು ಸೀಟು. ಅಪೀಲ್ ಪಾಸಾದ್ರೆ ಅದು ಜೂಲಿಯನ್‌ಗೆ ಹೋಗುತ್ತೆ. ನಮ್ಮ ಮಗನಿಗೆ ಕಾಂಪಿಟಿಷನ್ ನೀನೇ ರೆಡಿ ಮಾಡ್ತಿದೀಯಲ್ಲ!"

ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು, ಅದರ ಬಗ್ಗೆ ಯೋಚಿಸಿರಲಿಲ್ಲ. ಗುರುವಾರ ಬೆಳಿಗ್ಗೆ ಎಲ್ಲರ ಪತ್ರಗಳನ್ನೂ ತಿದ್ದಿ ವಾಪಸು ಕೊಟ್ಟೆ. ಡನೀಸ್‌ಳ ಪತ್ರ ಮಾತ್ರ ಬ್ಯಾಗಿನಲ್ಲೇ ಉಳಿಯಿತು. ಅಲ್ಲಿ ಇಲ್ಲಿ ಕಾಮಾ ಸರಿಯಿಲ್ಲ, ಇನ್ನೊಂದು ಸಲ ನೋಡೋಣ ಎಂದು ಕೇಳಿದ ಡನೀಸ್‌ಗೂ ಹೇಳಿದೆ, ನನಗೆ ನಾನೂ ಹೇಳಿಕೊಂಡೆ. ಮಧ್ಯಾಹ್ನವೂ ಕೊಡಲಿಲ್ಲ. ಶುಕ್ರವಾರ ಬೆಳಿಗ್ಗೆ ಜೆರಾಕ್ಸ್ ಯಂತ್ರದ ಹತ್ತಿರ ನಿಂತಿದ್ದಾಗ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತರು. ನನ್ನ ಕಡೆ ನೋಡದೆ, ಕಾಗದದ ಟ್ರೇ ಎಳೆಯುತ್ತ ಕೇಳಿದರು:

"ಕಾಮಾ ಎಲ್ಲ ಸಿಕ್ತಾ, ಪ್ರೊಫೆಸರ್?"

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ, ಗೇಲಿಯೂ ಇರಲಿಲ್ಲ. ಸುಹಾಸನ ಹೆಸರು ಆ ಪಟ್ಟಿಯಲ್ಲಿ ಎಲ್ಲಿದೆ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಕರೆದಿದ್ದರು. ನಾನು ಬ್ಯಾಗಿನಿಂದ ಪತ್ರ ತೆಗೆದುಕೊಟ್ಟೆ. ಅದರಲ್ಲಿ ತಿದ್ದುವಂಥದ್ದು ಒಂದೂ ಇರಲಿಲ್ಲ.

ಉಳಿದವರಿಗೆಲ್ಲ ಆಗುವುದಿಲ್ಲ ಎಂದು ಲಿಖಿತವಾಗಿಯೇ ಉತ್ತರ ಬಂತು. ಜೂಲಿಯನ್‌ಗೆ ಮಾತ್ರ ಮತ್ತೆ ಪರೀಕ್ಷೆ ಬರೆಯಲು ಒಪ್ಪಿಗೆ ಸಿಕ್ಕಿತು. ಆದರೆ ಗಣಿತದ ಶಿಕ್ಷಕರು ಕೋಣೆಯೊಳಗೆ ಇರುವಂತಿಲ್ಲ ಎಂದು ನಿಯಮ. ಅವನು ವೈಸ್ ಪ್ರಿನ್ಸಿಪಾಲರ ಕೋಣೆಯಲ್ಲಿ ಬರೆಯಲು ಕೂತ. ಮೇಷ್ಟ್ರು ಹೊರಗೆ ಕಾರಿಡಾರಿನಲ್ಲಿ ಅಡ್ಡಾಡತೊಡಗಿದರು. ಅವರ ಹೊಸ ಬೂಟು ಹೆಜ್ಜೆಗೊಂದು ಸಲ ಕಿರ್ ಎನ್ನುತ್ತಿತ್ತು. ವೈಸ್ ಪ್ರಿನ್ಸಿಪಾಲರು ಹೊರಗೆ ಬಂದು, "ನಿಮ್ಮ ಬೂಟು ಹುಡುಗನಿಗೆ ಉತ್ತರ ಹೇಳಿಕೊಡೋ ಹಾಗೆ ಕೇಳಿಸ್ತಿದೆ" ಎಂದರು. ಮೇಷ್ಟ್ರು ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ದೋಣಿಯಷ್ಟು ದೊಡ್ಡ ಬೂಟುಗಳನ್ನು ಹಿಡಿದು ನಾನು ಗೋಡೆಗಂಟಿ ನಿಂತೆ. ಕೋಟು, ಟೈ, ಇಸ್ತ್ರಿ ಪ್ಯಾಂಟು ತೊಟ್ಟ ಮೇಷ್ಟ್ರು ಬರೀ ಕಾಲುಚೀಲದಲ್ಲಿ ಅಡ್ಡಾಡಿದರು. ಎಡಗಾಲ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಇಣುಕುತ್ತಿತ್ತು. ಏಳನೇ ತರಗತಿಯ ಮಕ್ಕಳ ಸಾಲೊಂದು ಹಾದುಹೋಯಿತು. ಯಾರೂ ಉಸಿರೆತ್ತಲಿಲ್ಲ. ತಿರುವು ದಾಟಿದ ಮೇಲೆ ಒಟ್ಟಿಗೆ ನಕ್ಕ ಸದ್ದು ಕೇಳಿಸಿತು.

ಇಪ್ಪತ್ತು ನಿಮಿಷ ಮುಂಚೆಯೇ ಜೂಲಿಯನ್ ಹೊರಗೆ ಬಂದ.

"ಹ್ಯಾಗಿತ್ತು?"

"ಏಳನೇ ಪ್ರಶ್ನೆ ತಪ್ಪು."

ಮೇಷ್ಟ್ರ ಮುಖ ಇಳಿಯಿತು. "ತಪ್ಪು ಮಾಡಿದ್ಯಾ?"

"ನಾನಲ್ಲ. ಪ್ರಶ್ನೆ. ಅದಕ್ಕೆ ಎರಡು ಉತ್ತರ ಬರುತ್ತೆ. ಹಂಗಂತ ಕೆಳಗೆ ಬರೆದಿದೀನಿ."

"ಅಯ್ಯೋ! ಮರ್ಯಾದೆಯಿಂದ ಬರೆದೆ ತಾನೇ?"

"ನಿಮ್ಮ ಸಮಯಕ್ಕೆ ಧನ್ಯವಾದ, ದಯವಿಟ್ಟು ಲಿಖಿತವಾಗಿ ಉತ್ತರಿಸಿ ಅಂತ ಹಾಕಿದೀನಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿದ್ದದ್ದು ಭಯವೋ ಭಕ್ತಿಯೋ ತಿಳಿಯಲಿಲ್ಲ.

ಪ್ರಶ್ನೆಗೆ ನಿಜವಾಗಿಯೂ ಎರಡು ಉತ್ತರಗಳಿದ್ದವು. ಜೂಲಿಯನ್‌ಗೆ ಸೀಟು ಸಿಕ್ಕಿತು. ಸುಹಾಸ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ. ಶ್ರೀಧರ್ ಎರಡು ದಿನ ನನ್ನೊಂದಿಗೆ ಮಾತಾಡದೆ ಎಲ್ಲವನ್ನೂ ಸುಹಾಸನ ಮೂಲಕ ಕೇಳಿದರು. ಸುಹಾಸ, "ಅಮ್ಮಾ, ಡ್ಯಾಡ್ ವಾಂಟ್ಸ್ ಮೋರ್ ಸಾಂಬಾರ್" ಎಂದು ವರದಿ ಮಾಡುತ್ತಿದ್ದ. ಅವನಿಗೇನೂ ಬೇಸರವಿರಲಿಲ್ಲ. ಇನ್ನೊಂದು ವರ್ಷ ಮೇಷ್ಟ್ರ ತರಗತಿಯಲ್ಲೇ ಕೂತು ಒಳ್ಳೊಳ್ಳೆಯ ತಪ್ಪುಗಳನ್ನು ಮಾಡಿದ. ಲೆಕ್ಕದಲ್ಲಿ ಒಂದು ಅಂಕ ಹೋದರೂ ಅಳುತ್ತಿದ್ದವನು ಹೆದರಿಕೆ ಬಿಟ್ಟದ್ದು ಆ ವರ್ಷ. ಶ್ರೀಧರ್ ಕೂಡ ಕೊನೆಗೆ ಒಂದು ದಿನ, "ನಿಮ್ಮ ಮೇಷ್ಟ್ರು ಪರವಾಗಿಲ್ಲ ಕಣೇ" ಎಂದರು. ನಮ್ಮ ಮನೆಯಲ್ಲಿ ಅದು ಪ್ರಶಸ್ತಿಗೆ ಸಮ.

ಮುಂದೆ ನನಗೆ ಕೆಲಸ ಮಾಡುವ ಅನುಮತಿ ಬಂತು. ಮೇಷ್ಟ್ರೇ ಶಿಫಾರಸು ಪತ್ರ ಬರೆದರು. ಶಿಕ್ಷಕಿಯ ತರಬೇತಿ ಮುಗಿಸಿ ಪಕ್ಕದ ಊರಿನ ಶಾಲೆ ಸೇರಿದೆ.

2018ರ ಜೂನ್‌ನಲ್ಲಿ ಮೇಷ್ಟ್ರು ನಿವೃತ್ತರಾದರು. ಶಾಲೆಯ ಊಟದ ಹಾಲ್‌ನಲ್ಲಿ ಸಣ್ಣ ಸಭೆ. ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ನಾವೆಲ್ಲ ಹೊಗಳಿಕೆಯ ಮಾತು ಬರೆದುಕೊಂಡು ಹೋಗಿದ್ದೆವು. ಅವರು ಎದ್ದು ನಿಂತು, "ಹೊಗಳಿಕೆ ಬೇಡ, ನಿದ್ದೆ ಬರುತ್ತೆ. ಇಷ್ಟು ವರ್ಷ ನಾನು ನಿಮ್ಮ ತಪ್ಪು ಕೇಳ್ದೆ. ಈಗ ನನ್ನ ತಪ್ಪು ಹೇಳಿ" ಎಂದರು. ಎಲ್ಲರಿಗೂ ಖುಷಿಯಾಯಿತು. ಒಬ್ಬಳು ಅವರ ಟೈಗಳ ಬಗ್ಗೆ ಹೇಳಿದಳು. ಇನ್ನೊಬ್ಬ ಅವರ ಹಾಡಿನ ಬಗ್ಗೆ ಹೇಳಿದ. ಸುಹಾಸ ಎದ್ದು, ಮೇಷ್ಟ್ರು ಒಮ್ಮೆ ಏಳೆಂಟ್ಲೆ ಐವತ್ತನಾಲ್ಕು ಎಂದು ಬರೆದ ಕಥೆ ಹೇಳಿದ. ಹಾಲ್ ನಕ್ಕಿತು.

ಆಮೇಲೆ ಜೂಲಿಯನ್ ಎದ್ದ. ಆಗ ಅವನಿಗೆ ಹದಿನಾರು. ಮೇಷ್ಟ್ರ ಭುಜದವರೆಗೆ ಬಂದಿದ್ದ.

"ಅಡ್ವಾನ್ಸ್ಡ್ ಕ್ಲಾಸ್ ನಿನಗೆ ಬಹಳ ಇಷ್ಟ ಆಗುತ್ತೆ ಅಂತ ಹೇಳಿದ್ರಿ. ಆಗ್ಲಿಲ್ಲ. ಇಡೀ ಕ್ಲಾಸಿಗೆ ನಾನೊಬ್ಬನೇ. ಎರಡು ವರ್ಷ ಗ್ರೂಪ್ ವರ್ಕ್ ಅಂದಾಗೆಲ್ಲ ಯಾರೂ ನನ್ನ ಹತ್ರ ಕುರ್ಚಿ ಎಳ್ಕೊಂಡು ಬರ್ಲಿಲ್ಲ. ಒಂದು ದಿನ ಉತ್ತರ ಹೇಳಿದ್ರೆ ಎಲ್ಲಿಂದ ಕಾಪಿ ಮಾಡ್ದೆ ಅಂತ ಕೇಳಿದ್ರು. ಹೀಗಿರುತ್ತೆ ಅಂತ ನೀವು ನನಗೆ ಮೊದಲೇ ಹೇಳ್ಲಿಲ್ಲ."

ಡನೀಸ್ ಕುರ್ಚಿಯ ಅಂಚಿಗೆ ಬಂದು ಕೂತಳು. ಮೇಷ್ಟ್ರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಅದನ್ನು ಮಡಚಿ ಕೈಯಲ್ಲಿ ಹಿಡಿದು ನಿಂತರು.

"ನನಗೆ ಗೊತ್ತಿತ್ತು" ಎಂದರು. "ಆ ಕುರ್ಚಿಲಿ ನಾನೂ ಕೂತಿದ್ದೆ. ಹೇಳಿದ್ರೆ ನೀನು ಹೋಗದೇ ಇರ್ತೀಯೇನೋ ಅಂತ ಹೆದರಿದೆ. ಅದು ತಪ್ಪು. ಒಳ್ಳೇ ತಪ್ಪೂ ಅಲ್ಲ. ಸಾರಿ, ಮಗಾ."

ಐದು ವರ್ಷಗಳಲ್ಲಿ ನಾನು ಕೇಳಿದ ಅವರ ಮಾತುಗಳಲ್ಲಿ ತಮಾಷೆ ಬೆರೆಯದೆ ಬಂದದ್ದು ಅದೊಂದೇ.

"ಹೇಳಿದ್ರೂ ಹೋಗ್ತಿದ್ದೆ" ಎಂದ ಜೂಲಿಯನ್. "ಆದ್ರೆ ಯಾರನ್ನಾದ್ರೂ ಜೊತೇಲಿ ಕರ್ಕೊಂಡು ಹೋಗ್ತಿದ್ದೆ. ಆಮೇಲೆ ಅದನ್ನೇ ಮಾಡ್ದೆ. ಹೈಸ್ಕೂಲಲ್ಲಿ ನಮ್ಮ ಬೀದಿ ಹುಡುಗನ್ನ ಟೆಸ್ಟ್‌ಗೆ ಕೂರಿಸ್ದೆ. ಅವನು ಅವನ ಕಸಿನ್‌ನ ಎಳ್ಕೊಂಡು ಬಂದ. ಅವನು ಇನ್ನೊಬ್ಬನ್ನ. ಈಗ ಹಿಂದಿನ ಸಾಲಲ್ಲಿ ನಾವು ನಾಲ್ಕು ಜನ. ಬರೀ ಮಾತಾಡ್ತೀರಿ ಅಂತ ವಾರಕ್ಕೊಂದು ಸಲ ಟೀಚರ್ ಮನೆಗೆ ಫೋನ್ ಮಾಡ್ತಾರೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ಅಷ್ಟೊಂದು ಏನ್ ಮಾತಾಡ್ತೀರಿ?"

"ಲೆಕ್ಕ, ಸರ್."

"ಸುಳ್ಳು" ಎಂದ ಮೇಷ್ಟ್ರು, ತಮ್ಮ ಪಕ್ಕದ ಕುರ್ಚಿ ಎಳೆದು ಅವನನ್ನು ಕೂರಿಸಿಕೊಂಡು ಕೇಕ್ ಕತ್ತರಿಸಲು ಚಾಕು ಕೇಳಿದರು.